ಇಂಗ್ಲಿಷಿನ ನುಡಿಗಟ್ಟು ಕ್ರಿಯಾಪದಗಳು ಮತ್ತು ಕನ್ನಡ ವ್ಯಾಕರಣದ ಹೊಣೆ

ಹಿರಿಯರೊಬ್ಬರು ಮರಣಹೊಂದಿದರೆ ಕನ್ನಡಿಗರು ‘ತೀರಿಕೊಂಡರು’ ಎನ್ನುತ್ತಾರೆ. ‘ತೀರು’ ಎಂದರೆ ಮುಗಿಯುವುದು, ‘ಕೊಳ್ಳು’ ಎಂದರೆ ಪಡೆಯುವುದು. ಇವೆರಡರ ಅರ್ಥಗಳನ್ನು ಕೂಡಿಸಿದರೆ ಸಾವು ಎಂಬ ಅರ್ಥ ಹೊರಡುವುದಿಲ್ಲ. ಆದರೂ ಈ ಮಾತನ್ನು ಯಾವ ಶಾಲೆಯೂ ಕಲಿಸಬೇಕಾಗಿಲ್ಲ. ಎಂಟು ವರ್ಷದ ಬಾಲಕನಿಗೂ ಅದರ ಅರ್ಥ ಗೊತ್ತು. ಅರ್ಥವಷ್ಟೇ ಅಲ್ಲ, ಅದರ ಔಚಿತ್ಯವೂ ಗೊತ್ತು. ಅಜ್ಜ ‘ತೀರಿಕೊಂಡರು’ ಎನ್ನಬೇಕು, ಇಲಿ ‘ಸತ್ತಿತು’ ಎನ್ನಬೇಕು ಎಂಬ ವಿವೇಕ ಅವನಲ್ಲಿ ತಾನಾಗಿಯೇ ನೆಲೆಸಿರುತ್ತದೆ. ಅದೇ ಬಾಲಕ ಹತ್ತು ವರ್ಷಗಳ ಬಳಿಕ ಪದವಿ ತರಗತಿಯಲ್ಲಿ ‘ಪಾಸ್ ಅವೇ’ ಎಂಬ ಪ್ರಯೋಗವನ್ನು ಕಂಡಾಗ, ‘ಪಾಸ್’ ಎಂದರೆ ಉತ್ತೀರ್ಣನಾಗುವುದು, ‘ಅವೇ’ ಎಂದರೆ ದೂರ ಎಂದು ಬಿಡಿಸಿಕೊಂಡು ದಿಕ್ಕುತೋಚದೆ ನಿಲ್ಲುತ್ತಾನೆ. ಎರಡು ಪದಗಳು ಕೂಡಿ ಎರಡರಲ್ಲೂ ಇಲ್ಲದ ಮೂರನೆಯ ಅರ್ಥವನ್ನು ಹಡೆಯುತ್ತವೆ ಎಂಬ ತತ್ತ್ವ ಅವನಿಗೆ ಹೊಸದೇನಲ್ಲ. ಅದು ತನಗೆ ಗೊತ್ತಿದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಇಂಗ್ಲಿಷಿನಲ್ಲಿ ‘ಫ್ರೇಸಲ್ ವರ್ಬ್’ ಎಂದು ಕರೆಯುವ ಈ ನುಡಿಗಟ್ಟು ಕ್ರಿಯಾಪದಗಳು ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಇಂದು ದೊಡ್ಡ ತಡೆಗೋಡೆಯಾಗಿವೆ. ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ಇವು ಅಕಾರಾದಿಯಾಗಿ ಪಟ್ಟಿಗೊಂಡಿರುತ್ತವೆ. ಎಡಕ್ಕೊಂದು ಕ್ರಿಯಾಪದ, ಬಲಕ್ಕೊಂದು ಅರ್ಥ. ವಿದ್ಯಾರ್ಥಿ ಅದನ್ನು ಮಗ್ಗಿಯಂತೆ ಉರುಹೊಡೆಯುತ್ತಾನೆ. ‘ಟೇಕ್ ಆಫ್’ ಎಂದರೆ ವಿಮಾನ ಮೇಲೇರುವುದು ಎಂದು ಕಲಿತವನು, ಚಪ್ಪಲಿಯನ್ನು ‘ಟೇಕ್ ಆಫ್’ ಮಾಡು ಎಂಬ ವಾಕ್ಯ ಬಂದಾಗ ಗಲಿಬಿಲಿಗೊಳ್ಳುತ್ತಾನೆ. ಆದರೆ ಅವನ ಮಾತೃಭಾಷೆಯಲ್ಲಿ ‘ತೆಗೆ’ ಎಂಬ ಒಂದೇ ಧಾತುವಿನಿಂದ ಚಪ್ಪಲಿ ತೆಗೆಯುತ್ತಾರೆ, ಬಾಗಿಲು ತೆಗೆಯುತ್ತಾರೆ, ಸಾಲ ತೆಗೆಯುತ್ತಾರೆ, ಫೋಟೋ ತೆಗೆಯುತ್ತಾರೆ, ಜಗಳವನ್ನೂ ತೆಗೆಯುತ್ತಾರೆ. ಅಲ್ಲಿ ಅವನಿಗೆ ಎಳ್ಳಷ್ಟೂ ಗೊಂದಲವಿಲ್ಲ. ವಿದ್ಯಾರ್ಥಿಯ ಬುದ್ಧಿಗೆ ಇಲ್ಲಿ ಕೊರತೆಯಿಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡಿಸುವುದೇ ಬೋಧನೆ ಎಂದು ತಿಳಿದಿರುವ ಪದ್ಧತಿಯಲ್ಲಿ ದೋಷವಿದೆ. ಕನ್ನಡ ವ್ಯಾಕರಣವನ್ನು ಇಂಗ್ಲಿಷ್ ತರಗತಿಯ ಬಾಗಿಲ ಹೊರಗೆ ನಿಲ್ಲಿಸಿರುವುದು ಅದಕ್ಕಿಂತ ದೊಡ್ಡ ದೋಷ.

ಈ ಕಷ್ಟ ಭಾರತೀಯರಿಗೆ ಮಾತ್ರ ಎದುರಾದುದಲ್ಲ. 1755ರಲ್ಲಿ ತನ್ನ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಪ್ರಸ್ತಾವನೆಯಲ್ಲಿಯೇ ಇದನ್ನು ಗುರುತಿಸಿದ್ದಾನೆ. ಕ್ರಿಯಾಪದಕ್ಕೆ ಸಣ್ಣದೊಂದು ಅವ್ಯಯ ಸೇರಿ ಅರ್ಥವೇ ಬದಲಾಗುವ ರಚನೆಗಳು ಇಂಗ್ಲಿಷಿನಲ್ಲಿ ಹೇರಳವೆಂದೂ ಪರದೇಶೀಯರಿಗೆ ಅತ್ಯಂತ ತೊಡಕಾಗುವುದು ಇಲ್ಲಿಯೇ ಎಂದೂ ಆತ ಹೇಳುತ್ತಾನೆ. ‘ಕಮ್ ಆಫ್’, ‘ಬ್ರೇಕ್ ಆಫ್’, ‘ಸೆಟ್ ಔಟ್’ ಮುಂತಾದವು ಆತ ಕೊಡುವ ಉದಾಹರಣೆಗಳು. ಆದರೆ ಆತನ ಬಳಿ ಈ ವರ್ಗಕ್ಕೊಂದು ಹೆಸರಿರಲಿಲ್ಲ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಎಂಬ ಗ್ರಂಥದಿಂದ. ಈ ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ಅಲ್ಲಿ ಸ್ಮರಿಸಿದ್ದಾರೆ. ಜಾನ್ಸನ್ ಗುರುತಿಸಿದ ಸಂಗತಿಗೆ ಹೆಸರು ನೆಲೆಗೊಳ್ಳಲು ನೂರೆಪ್ಪತ್ತು ವರ್ಷಗಳೇ ಬೇಕಾದವು.

ಇಂಗ್ಲಿಷಿನ ಚರಿತ್ರೆಯನ್ನು ನೋಡಿದರೆ ಈ ರಚನೆ ಹೇಗೆ ಬೆಳೆಯಿತೆಂಬುದು ತಿಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದದ ಹಿಂದೆ ಸೇರುವ ಪೂರ್ವಪ್ರತ್ಯಯಗಳು ಪ್ರಬಲವಾಗಿದ್ದವು. ‘ವಿತ್‌ಸ್ಟ್ಯಾಂಡ್’, ‘ಅಂಡರ್‌ಸ್ಟ್ಯಾಂಡ್’, ‘ಫರ್ಗಿವ್’ ಮೊದಲಾದವು ಆ ಪದ್ಧತಿಯ ಉಳಿಕೆಗಳು. ಮಧ್ಯಕಾಲದಲ್ಲಿ ಆ ಪೂರ್ವಪ್ರತ್ಯಯಗಳು ಕಸುವು ಕಳೆದುಕೊಂಡವು. ಅವ್ಯಯ ಕ್ರಿಯಾಪದದ ಮುಂದಿನಿಂದ ಸರಿದು ಅದರ ಬೆನ್ನಿಗೆ ಬಂದು ನಿಂತಿತು. ಹಳೆಯ ಪದ್ಧತಿ, ಹೊಸ ಪದ್ಧತಿಗಳೆರಡೂ ಕೆಲವೆಡೆ ಒಟ್ಟಿಗೆ ಉಳಿದಿವೆ. ‘ಅಪ್‌ಹೋಲ್ಡ್’ ಎಂದರೆ ಎತ್ತಿಹಿಡಿಯುವುದು; ‘ಹೋಲ್ಡ್ ಅಪ್’ ಎಂದರೆ ತಡೆದು ನಿಲ್ಲಿಸುವುದು, ಕೆಲವೆಡೆ ಅಡ್ಡಗಟ್ಟಿ ದೋಚುವುದು. ಧಾತು ಅದೇ, ಅವ್ಯಯ ಅದೇ, ಸ್ಥಾನ ಮಾತ್ರ ಬೇರೆ. ನ್ಯಾಯಾಲಯವು ಕೆಳಗಿನ ನ್ಯಾಯಾಲಯದ ತೀರ್ಪನ್ನು ‘ಎತ್ತಿಹಿಡಿಯಿತು’ ಎಂದು ಪತ್ರಿಕೆಯಲ್ಲಿ ಓದುವ ಕನ್ನಡಿಗನಿಗೆ ‘ಅಪ್‌ಹೋಲ್ಡ್’ ಎಂಬುದರ ಒಳಗಿನ ಚಿತ್ರ ಕೂಡಲೇ ಕಾಣುತ್ತದೆ, ಕಾಣಿಸುವವರಿದ್ದರೆ.

ಈ ಬಗೆಯ ಸಂದರ್ಭದಲ್ಲಿ ಉಪಸರ್ಗಗಳ ಚರ್ಚೆಯನ್ನು ನೆನೆಯದಿದ್ದರೆ ಭಾರತೀಯ ವ್ಯಾಕರಣ ಪರಂಪರೆಗೆ ಅನ್ಯಾಯವಾದೀತು. ಸಂಸ್ಕೃತದ ‘ಹೃ’ ಧಾತು ಒಂದೇ. ಉಪಸರ್ಗ ಬದಲಾದಂತೆ ಅದು ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳಾಗುತ್ತದೆ. ಮುನಿಗಳು ಆಹಾರ ಸ್ವೀಕರಿಸಿದರು, ವಿಹಾರ ಕೈಗೊಂಡರು ಎಂದು ನಿತ್ಯ ಹೇಳುವ ಶ್ರಾವಕರಿಗೆ ಎರಡರಲ್ಲೂ ಧಾತು ಒಂದೇ ಎಂಬುದು ಹೊಳೆಯದಿದ್ದರೂ ಅರ್ಥದಲ್ಲಿ ತಪ್ಪಾಗುವುದಿಲ್ಲ. ಹಾಗಾದರೆ ಅರ್ಥ ಇರುವುದು ಧಾತುವಿನಲ್ಲೋ ಉಪಸರ್ಗದಲ್ಲೋ? ಯಾಸ್ಕನ ‘ನಿರುಕ್ತ’ದಲ್ಲಿ ಈ ಪ್ರಶ್ನೆಯ ಎರಡು ಪಕ್ಷಗಳು ದಾಖಲಾಗಿವೆ. ಉಪಸರ್ಗಗಳಿಗೆ ಸ್ವತಂತ್ರವಾದ ಅರ್ಥವಿಲ್ಲ, ಅವು ಧಾತುವಿನಲ್ಲಿ ಅಡಗಿರುವುದನ್ನು ಬೆಳಗಿ ತೋರಿಸುತ್ತವೆ ಎಂಬುದು ಶಾಕಟಾಯನನ ಮತ. ಅವುಗಳಿಗೆ ತಮ್ಮದೇ ಆದ ನಾನಾ ಅರ್ಥಗಳಿವೆ ಎಂಬುದು ಗಾರ್ಗ್ಯನ ಮತ. (ಈ ಪ್ರಾಚೀನ ಶಾಕಟಾಯನನೂ ಅಮೋಘವರ್ಷನ ಕಾಲದಲ್ಲಿದ್ದ, ‘ಅಮೋಘವೃತ್ತಿ’ಯ ಕರ್ತೃವಾದ ಜೈನ ವೈಯಾಕರಣ ಶಾಕಟಾಯನನೂ ಬೇರೆ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.) ‘ಈಟ್ ಅಪ್’ ಎಂಬಲ್ಲಿ ‘ಅಪ್’ ಎಂಬುದಕ್ಕೆ ಅರ್ಥವಿದೆಯೇ ಎಂಬ ಇಂದಿನ ಭಾಷಾಶಾಸ್ತ್ರದ ವಾದವೂ ಬಹುಮಟ್ಟಿಗೆ ಇದೇ. ಇನ್ನೊಂದು ಸಂಗತಿ ಇದಕ್ಕಿಂತ ಕುತೂಹಲಕರವಾದುದು. ಉಪಸರ್ಗಗಳು ಧಾತುವಿನ ಮೊದಲು ಬರಬೇಕೆಂದು ವಿಧಿಸುವ ಪಾಣಿನಿಯೇ, ಛಂದಸ್ಸಿನಲ್ಲಿ, ಅಂದರೆ ವೇದಭಾಷೆಯಲ್ಲಿ, ಅವು ಧಾತುವಿನ ಅನಂತರವೂ ಬರಬಹುದು, ನಡುವೆ ಬೇರೆ ಪದಗಳ ವ್ಯವಧಾನವೂ ಇರಬಹುದು ಎನ್ನುತ್ತಾನೆ. ‘ಟರ್ನ್ ದ ಲೈಟ್ ಆಫ್’ ಎಂಬಲ್ಲಿ ಕ್ರಿಯಾಪದಕ್ಕೂ ಅವ್ಯಯಕ್ಕೂ ನಡುವೆ ಕರ್ಮಪದ ನುಸುಳುವುದನ್ನು ಕಂಡು ಬೆರಗಾಗುವ ವಿದ್ಯಾರ್ಥಿಗೆ ಇಷ್ಟು ಹೇಳಿದರೂ ಸಾಕು, ಆ ರಚನೆಯ ಮೇಲಿನ ಅಪರಿಚಿತತೆ ಕಳೆಯುತ್ತದೆ.

ಆದರೆ ಸಂಸ್ಕೃತಕ್ಕಿಂತಲೂ ಹತ್ತಿರದ ಸಾಧನ ಕನ್ನಡದಲ್ಲಿಯೇ ಇದೆ. ಕನ್ನಡದಲ್ಲಿ ಇಂತಹ ರಚನೆಗಳು ಎರಡು ಬಗೆ. ಮೊದಲನೆಯದು ಕ್ರಿಯಾಸಮಾಸ. ಹದಿಮೂರನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ಸಮಾಸಗಳ ಸಾಲಿನಲ್ಲಿ ನಿರೂಪಿಸಿದ್ದಾನೆ. ನಾಮಪದ ಪೂರ್ವಪದವಾಗಿ ಕ್ರಿಯೆ ಉತ್ತರಪದವಾಗುವ ಈ ರಚನೆಯಲ್ಲಿ ‘ಕೈ’ ಎಂಬ ಒಂದೇ ಪದವನ್ನು ಇಟ್ಟುಕೊಂಡು ನೋಡಬಹುದು. ಕೈಗೊಳ್ಳು ಎಂದರೆ ಆರಂಭಿಸುವುದು, ಕೈಬಿಡು ಎಂದರೆ ತ್ಯಜಿಸುವುದು, ಕೈಹಿಡಿ ಎಂದರೆ ವಿವಾಹವಾಗುವುದು ಅಥವಾ ಆಸರೆಯಾಗುವುದು, ಕೈಕೊಡು ಎಂದರೆ ನಂಬಿದವರಿಗೆ ಮೋಸಮಾಡುವುದು. ಇಲ್ಲೆಲ್ಲ ‘ಕೈ’ ಶರೀರದ ಅವಯವವಾಗಿ ಉಳಿದಿಲ್ಲ. ಇವುಗಳ ಪಕ್ಕದಲ್ಲಿ ‘ಟೇಕ್ ಅಪ್’, ‘ಗಿವ್ ಅಪ್’, ‘ಸ್ಟ್ಯಾಂಡ್ ಬೈ’, ‘ಲೆಟ್ ಡೌನ್’ ಎಂಬವುಗಳನ್ನು ಇರಿಸಿದರೆ ವಿದ್ಯಾರ್ಥಿಗೆ ಅರ್ಥ ಮಾತ್ರವಲ್ಲ, ಅರ್ಥ ಹುಟ್ಟುವ ಬಗೆಯೂ ತಿಳಿಯುತ್ತದೆ.

ಎರಡನೆಯ ಬಗೆ ಇದಕ್ಕಿಂತ ವ್ಯಾಪಕವಾದುದು. ಪ್ರಧಾನ ಕ್ರಿಯೆಯ ನ್ಯೂನರೂಪಕ್ಕೆ ಬಿಡು, ಹಾಕು, ಹೋಗು, ಕೊಳ್ಳು, ಕೊಡು, ಇಡು, ನೋಡು ಮುಂತಾದ ಸಹಾಯಕ ಕ್ರಿಯೆಗಳು ಸೇರುವ ರಚನೆ ಇದು. ‘ತಿಂದ’ ಎಂಬುದಕ್ಕೂ ‘ತಿಂದುಹಾಕಿದ’ ಎಂಬುದಕ್ಕೂ ಇರುವ ವ್ಯತ್ಯಾಸವೇ ‘ಈಟ್’ ಎಂಬುದಕ್ಕೂ ‘ಈಟ್ ಅಪ್’ ಎಂಬುದಕ್ಕೂ ಇರುವುದು. ತಟ್ಟೆಯಲ್ಲಿ ಏನೂ ಉಳಿಯಲಿಲ್ಲ ಎಂಬ ಸಮಾಪ್ತಿಯ ಭಾವ ಎರಡು ಭಾಷೆಗಳಲ್ಲೂ ಬಾಲದಲ್ಲಿದೆ. ‘ಹಾಕು’ ಎಂಬಲ್ಲಿ ಯಾರೂ ಏನನ್ನೂ ಎಲ್ಲಿಯೂ ಹಾಕುತ್ತಿಲ್ಲ; ‘ಅಪ್’ ಎಂಬಲ್ಲಿ ಯಾವುದೂ ಮೇಲಕ್ಕೆ ಹೋಗುತ್ತಿಲ್ಲ. ಹರಿದುಹಾಕು ಎಂಬುದು ‘ಟೇರ್ ಅಪ್’, ಬರೆದಿಡು ಎಂಬುದು ‘ರೈಟ್ ಡೌನ್’, ಎತ್ತಿಡು ಎಂಬುದು ‘ಪುಟ್ ಅವೇ’, ಹಾಕಿನೋಡು ಎಂಬುದು ‘ಟ್ರೈ ಆನ್’, ತಳ್ಳಿಹಾಕು ಎಂಬುದು ‘ಟರ್ನ್ ಡೌನ್’. ಬಿಟ್ಟುಕೊಡು ಎಂಬುದು ಸಂದರ್ಭಾನುಸಾರ ‘ಗಿವ್ ಅಪ್’ ಆಗಬಹುದು, ‘ಗಿವ್ ಇನ್’ ಆಗಬಹುದು, ಗುಟ್ಟಿನ ವಿಷಯದಲ್ಲಿ ‘ಗಿವ್ ಅವೇ’ ಕೂಡ ಆಗಬಹುದು. ಕನ್ನಡದ ಬಾಲ ಕ್ರಿಯೆ, ಇಂಗ್ಲಿಷಿನ ಬಾಲ ಅವ್ಯಯ. ರಚನೆ ಬೇರೆಯಾದರೂ ಬಾಲವು ತನ್ನ ಮೂಲಾರ್ಥವನ್ನು ತೊರೆದು ತಲೆಯ ಅರ್ಥವನ್ನು ತಿದ್ದುತ್ತದೆ ಎಂಬ ಧರ್ಮ ಎರಡಕ್ಕೂ ಸಮಾನ.

ಇಷ್ಟೊಂದು ಶ್ರಮವೇಕೆ, ‘ಪುಟ್ ಆಫ್’ ಬದಲು ‘ಪೋಸ್ಟ್‌ಪೋನ್’ ಎಂದರೆ ಸಾಲದೆ ಎಂದು ಕೇಳುವವರಿದ್ದಾರೆ. ‘ಪುಟ್ ಅಪ್ ವಿತ್’ ಬದಲು ‘ಟಾಲರೇಟ್’, ‘ಲುಕ್ ಇಂಟು’ ಬದಲು ‘ಇನ್ವೆಸ್ಟಿಗೇಟ್’ ಎಂದು ಲ್ಯಾಟಿನ್ ಮೂಲದ ಒಂಟಿ ಪದಗಳಿಂದಲೇ ಬದುಕು ಸಾಗಿಸಬಹುದಲ್ಲ ಎಂಬುದು ಅವರ ವಾದ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಬಹುಪಾಲು ಮಾಡುತ್ತಿರುವುದೂ ಇದನ್ನೇ. ಇದು ಲೋಕದ ಇತರೆಡೆಯೂ ಕಂಡಿರುವ ಪ್ರವೃತ್ತಿ. ಹೀಬ್ರೂ ಮಾತೃಭಾಷೆಯ ವಿದ್ಯಾರ್ಥಿಗಳು ನುಡಿಗಟ್ಟು ಕ್ರಿಯಾಪದಗಳಿಂದ ನುಣುಚಿಕೊಂಡು ಒಂಟಿ ಪದಗಳನ್ನು ಆಯ್ದುಕೊಳ್ಳುತ್ತಾರೆಂದು ಡಾಗುಟ್ ಮತ್ತು ಲಾಫರ್ 1985ರಲ್ಲಿ ತೋರಿಸಿದರು. ಹೀಬ್ರೂವಿನಲ್ಲಿ ಅಂತಹ ರಚನೆ ಇಲ್ಲದಿರುವುದೇ ಕಾರಣವೆಂಬುದು ಅವರ ಅಭಿಪ್ರಾಯ. ಡಚ್ ಭಾಷೆಯಲ್ಲಿ ಅಂತಹ ರಚನೆ ಇದೆ. ಆದರೂ ಡಚ್ ವಿದ್ಯಾರ್ಥಿಗಳು ಕೆಲವು ನುಡಿಗಟ್ಟುಗಳನ್ನು, ಅವು ತಮ್ಮ ಭಾಷೆಯನ್ನೇ ಅತಿಯಾಗಿ ಹೋಲುತ್ತವೆ ಎಂಬ ಶಂಕೆಯಿಂದಲೇ, ದೂರವಿಟ್ಟರೆಂದು ಹುಲ್ಸ್ಟೈನ್ ಮತ್ತು ಮಾರ್ಚೆನಾ 1989ರಲ್ಲಿ ಗಮನಿಸಿದರು. ಪರಭಾಷೆಯು ತನ್ನ ಭಾಷೆಯಂತೆ ಇರಲಾರದು ಎಂಬ ಅಳುಕು ಕಲಿಯುವವನನ್ನು ಎಷ್ಟು ಕಾಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಒಂಟಿ ಪದಗಳಿಂದಲೇ ಸಾಗಿಸಬಹುದೆಂಬ ವಾದಕ್ಕೆ ಉತ್ತರ ಜೈನ ನಯಸಿದ್ಧಾಂತದಲ್ಲಿದೆ. ‘ತತ್ತ್ವಾರ್ಥಸೂತ್ರ’ ಹೇಳುವ ನಯಗಳಲ್ಲಿ ಶಬ್ದನಯ ಮತ್ತು ಸಮಭಿರೂಢನಯ ಅಕ್ಕಪಕ್ಕದಲ್ಲಿ ಬರುತ್ತವೆ. ಪರ್ಯಾಯಪದಗಳು ಒಂದೇ ವಸ್ತುವನ್ನು ಸೂಚಿಸುತ್ತವೆ ಎಂಬಲ್ಲಿಗೆ ಶಬ್ದನಯ ನಿಲ್ಲುತ್ತದೆ. ಪದ ಬೇರೆಯಾದರೆ ಅರ್ಥವೂ ಬೇರೆ ಎಂಬಲ್ಲಿಯವರೆಗೆ ಸಮಭಿರೂಢನಯ ಹೋಗುತ್ತದೆ. ಇಂದ್ರ, ಶಕ್ರ, ಪುರಂದರ ಎಂಬ ಮೂರೂ ಒಬ್ಬನ ಹೆಸರುಗಳೇ ಆದರೂ, ಐಶ್ವರ್ಯದಿಂದ ಇಂದ್ರ, ಸಾಮರ್ಥ್ಯದಿಂದ ಶಕ್ರ, ಪುರಗಳನ್ನು ಸೀಳುವುದರಿಂದ ಪುರಂದರ ಎಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಬಿಡಿಸುತ್ತಾರೆ. ‘ಪುಟ್ ಆಫ್’ ಮತ್ತು ‘ಪೋಸ್ಟ್‌ಪೋನ್’ ಎಂಬವುಗಳನ್ನು ಸಮಾನಾರ್ಥಕಗಳೆಂದು ಪಟ್ಟಿಮಾಡುವ ಕೈಪಿಡಿ ಶಬ್ದನಯದಲ್ಲಿ ನಿಂತಿದೆ. ಭಾಷೆಯನ್ನು ಬಲ್ಲವನು ಸಮಭಿರೂಢನಯಕ್ಕೆ ಏರಬೇಕು. ಸಭೆಯನ್ನು ‘ಪೋಸ್ಟ್‌ಪೋನ್’ ಮಾಡಲಾಗಿದೆ ಎಂಬುದು ಸುತ್ತೋಲೆಯ ಭಾಷೆ. ಗೆಳೆಯನೊಡನೆ ಆಡುವ ಮಾತಿಗೆ ‘ಪುಟ್ ಆಫ್’ ಸಹಜ. ಕನ್ನಡದಲ್ಲಿ ‘ನಿಧನರಾದರು’ ಎಂಬುದಕ್ಕೂ ‘ತೀರಿಕೊಂಡರು’ ಎಂಬುದಕ್ಕೂ ಇರುವ ಅಂತರ ಇಂಥದೇ. ಶ್ರವಣಬೆಳಗೊಳದ ನಿಸಿದಿ ಶಾಸನಗಳಲ್ಲಿ ಬರುವ ‘ಮುಡಿಪು’ ಎಂಬ ಕ್ರಿಯಾಪದವಂತೂ ಇವೆರಡಕ್ಕೂ ಸಲ್ಲದ, ವ್ರತಪೂರ್ವಕವಾದ ಮರಣಕ್ಕೇ ಸಲ್ಲುವ ಬೇರೊಂದು ಗೌರವವನ್ನು ಹೊತ್ತಿದೆ. ಒಂಟಿ ಪದಗಳಿಂದಲೇ ಇಂಗ್ಲಿಷ್ ಆಡುವವನು ವ್ಯಾಕರಣದಲ್ಲಿ ತಪ್ಪುವುದಿಲ್ಲ. ಆದರೆ ಅವನ ಮಾತು ಅಂಗಳದಲ್ಲಿಯೂ ಅರ್ಜಿ ಬರೆದಂತೆ ಕೇಳಿಸುತ್ತದೆ. ಸಂದರ್ಶನದಲ್ಲಿ, ಕಚೇರಿಯಲ್ಲಿ, ಸಹೋದ್ಯೋಗಿಗಳ ನಡುವೆ ಅವನು ಹೊರಗಿನವನಾಗಿ ಉಳಿಯುತ್ತಾನೆ. ಕಾದಂಬರಿಯ ಸಂಭಾಷಣೆಗಳನ್ನು ಓದುವಾಗಲೂ ಬಾಗಿಲಾಚೆಯೇ ನಿಂತಿರುತ್ತಾನೆ. ಇಂಗ್ಲಿಷ್ ಸಾಹಿತ್ಯವನ್ನು ಕನ್ನಡಕ್ಕೆ ತರಲು ಹೊರಟವನಿಗಂತೂ ಇದು ನಿಜವಾದ ಅಪಾಯ. ಪಾತ್ರಗಳು ಮನೆಮಾತಿನಲ್ಲಿ ಆಡಿದ್ದು ಅನುವಾದದಲ್ಲಿ ನಿಘಂಟಿನ ಭಾಷೆಯಾಗಿಬಿಡುತ್ತದೆ.

ಹಾಗಾದರೆ ಕಲಿಸುವುದು ಹೇಗೆ? ಸಂಖ್ಯೆಗಳು ಹೆದರಿಸುವಷ್ಟು ದೊಡ್ಡವಲ್ಲ. ಹತ್ತು ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಸಂಗ್ರಹವನ್ನು ಶೋಧಿಸಿ ಗಾರ್ಡ್ನರ್ ಮತ್ತು ಡೇವಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಗೋ, ಕಮ್, ಟೇಕ್, ಗೆಟ್ ಮುಂತಾದ 20 ಕ್ರಿಯಾಪದಗಳು ಔಟ್, ಅಪ್, ಆನ್, ಬ್ಯಾಕ್, ಡೌನ್, ಇನ್, ಆಫ್, ಓವರ್ ಎಂಬ 8 ಅವ್ಯಯಗಳೊಡನೆ ಕೂಡಿ ಆಗುವ ರಚನೆಗಳೇ ಅಲ್ಲಿನ ನುಡಿಗಟ್ಟು ಕ್ರಿಯಾಪದಗಳ ಒಟ್ಟು ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು. ತೊಡಕಿರುವುದು ಪದಗಳ ಸಂಖ್ಯೆಯಲ್ಲಲ್ಲ, ಒಂದೊಂದಕ್ಕೂ ಇರುವ ನಾನಾರ್ಥಗಳಲ್ಲಿ. ಅಲ್ಲಿಯೂ ಗಾರ್ನಿಯರ್ ಮತ್ತು ಷ್ಮಿಟ್ 2015ರಲ್ಲಿ ಸಿದ್ಧಪಡಿಸಿದ ಪಟ್ಟಿಯಲ್ಲಿ, ಹೆಚ್ಚು ಬಳಕೆಯ 150 ಕ್ರಿಯಾಪದಗಳಿಗೆ ನಿಜವಾಗಿ ರೂಢಿಯಲ್ಲಿರುವ ಅರ್ಥಗಳು 288 ಮಾತ್ರ. ಒಂದೊಂದಕ್ಕೆ ಸರಾಸರಿ ಎರಡಕ್ಕೂ ಕಡಿಮೆ.

ಆದ್ದರಿಂದ ಅಕಾರಾದಿ ಪಟ್ಟಿಯ ಬದಲು ಅವ್ಯಯವನ್ನು ಕೇಂದ್ರವಾಗಿಟ್ಟುಕೊಂಡು ಕಲಿಸುವುದು ಯುಕ್ತ. ‘ಔಟ್’ ಎಂಬುದನ್ನು ತೆಗೆದುಕೊಂಡರೆ, ‘ಫೈಂಡ್ ಔಟ್’, ‘ಕಮ್ ಔಟ್’, ‘ವರ್ಕ್ ಔಟ್’ ಎಂಬಲ್ಲೆಲ್ಲ ಮರೆಯಲ್ಲಿದ್ದುದು ಹೊರಕ್ಕೆ ಬರುವ ಚಿತ್ರವಿದೆ. ಕನ್ನಡದಲ್ಲಿಯೂ ಸತ್ಯ ಹೊರಬೀಳುತ್ತದೆ, ಗುಟ್ಟು ಬಯಲಾಗುತ್ತದೆ, ಹಗರಣ ಬೆಳಕಿಗೆ ಬರುತ್ತದೆ. ‘ಲುಕ್ ಡೌನ್ ಆನ್’ ಎಂಬುದನ್ನು ‘ಕೀಳಾಗಿ ಕಾಣು’ ಎಂದರೆ ಅರ್ಥವೂ ಚಿತ್ರವೂ ಒಂದೇ, ಏಕೆಂದರೆ ಹಳಗನ್ನಡದ ‘ಕೀೞ್’ ಎಂದರೆ ಕೆಳಗು ಎಂದೇ ಅರ್ಥ. ಹೀಗೆ ಎಂಟು ಅವ್ಯಯಗಳ ಮುಖ್ಯ ಚಿತ್ರಗಳನ್ನು ಕನ್ನಡದ ಚಿತ್ರಗಳ ಜೊತೆಗಿಟ್ಟು ತೋರಿಸಿದರೆ ನೆನಪಿನ ಹೊರೆ ಇಳಿಯುತ್ತದೆ.

ಮಾತೃಭಾಷೆ ಎಲ್ಲ ಬಾಗಿಲುಗಳನ್ನೂ ತೆರೆಯುವುದಿಲ್ಲ ಎಂಬುದನ್ನೂ ಒಪ್ಪಬೇಕು. ‘ಟರ್ನ್ ಇಟ್ ಆಫ್’ ಎನ್ನಬೇಕೇ ಹೊರತು ‘ಟರ್ನ್ ಆಫ್ ಇಟ್’ ಎನ್ನಬಾರದು. ಆದರೆ ‘ಲುಕ್ ಆಫ್ಟರ್ ಹಿಮ್’ ಎಂಬುದನ್ನು ‘ಲುಕ್ ಹಿಮ್ ಆಫ್ಟರ್’ ಎಂದು ಬದಲಿಸುವಂತಿಲ್ಲ. ಕನ್ನಡದಲ್ಲಿ ‘ಮಾಡಿಬಿಟ್ಟ’ ಎಂಬುದರ ನಡುವೆ ‘ಮಾಡಿಯೇ ಬಿಟ್ಟ’ ಎಂದು ಅವಧಾರಣೆಯ ಪ್ರತ್ಯಯ ಸೇರಬಹುದು, ಕರ್ಮಪದ ಸೇರದು. ಈ ನಿಯಮವನ್ನು ಇಂಗ್ಲಿಷಿನಿಂದಲೇ, ವಾಕ್ಯಗಳ ಅಭ್ಯಾಸದಿಂದಲೇ ಕಲಿಯಬೇಕು. ಸಾದೃಶ್ಯವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ‘ಪುಟ್ ಅಪ್ ವಿತ್’, ‘ಕೀಪ್ ಅಪ್ ವಿತ್’ ಎಂಬವುಗಳ ಮಾದರಿಯಲ್ಲಿ ‘ಕೋಪ್ ಅಪ್ ವಿತ್’ ಎಂಬ ಪ್ರಯೋಗ ಭಾರತದಲ್ಲಿ ಹರಡಿದೆ. ಶಿಷ್ಟ ಇಂಗ್ಲಿಷಿನಲ್ಲಿ ಅಲ್ಲಿ ‘ಅಪ್’ ಇಲ್ಲ. ಪದವಿ ಮುಗಿಸುವುದನ್ನು ಭಾರತೀಯರು ‘ಪಾಸ್ ಔಟ್’ ಎನ್ನುತ್ತಾರೆ. ಹೊರದೇಶದ ಕೇಳುಗನಿಗೆ ಅದು ಮೂರ್ಛೆಹೋಗುವುದಾಗಿ ಕೇಳಿಸಬಹುದು. ಹೋಲಿಕೆಯಷ್ಟೇ ಅಂತರವನ್ನೂ ತೋರಿಸಿದಾಗ ಮಾತ್ರ ತೌಲನಿಕ ಬೋಧನೆ ಸಾರ್ಥಕ.

ಇಂಗ್ಲಿಷ್ ತರಗತಿಯಲ್ಲಿ ಕನ್ನಡದ ಸೊಲ್ಲೆತ್ತಿದರೆ ವಿದ್ಯಾರ್ಥಿ ಪದಶಃ ಅನುವಾದಕ್ಕೆ ಬೀಳುತ್ತಾನೆ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲಿಯೇ ಇದೆ. ಪದಶಃ ಅನುವಾದ ಹುಟ್ಟುವುದು ಮಾತೃಭಾಷೆಯ ಪ್ರಜ್ಞೆಯಿಂದಲ್ಲ, ಅದರ ಅಭಾವದಿಂದ. ‘ತೀರಿಕೊಂಡರು’ ಎಂಬುದು ಎರಡು ಪದಗಳ ಮೊತ್ತವಲ್ಲ ಎಂದು ಅರಿತವನು ‘ಪಾಸ್ ಅವೇ’ ಎಂಬುದನ್ನೂ ಬಿಡಿಬಿಡಿಯಾಗಿ ಅನುವಾದಿಸಲು ಹೋಗುವುದಿಲ್ಲ. ಕನ್ನಡ ಗೊತ್ತಿರುವುದು ಕುಂದು ಎಂಬ ಭಾವನೆಯನ್ನು ಹೊತ್ತು ಕಾಲೇಜಿಗೆ ಬರುವ ಹಳ್ಳಿಯ ವಿದ್ಯಾರ್ಥಿಗೆ, ಅದೇ ನಿನ್ನ ಬಂಡವಾಳ ಎಂದು ತೋರಿಸಿಕೊಡುವುದು ಬೋಧನಾಕ್ರಮದ ಪ್ರಶ್ನೆ ಮಾತ್ರವಲ್ಲ, ಸ್ವಾಭಿಮಾನದ ಪ್ರಶ್ನೆಯೂ ಹೌದು.

ಇದರ ಹೊಣೆಯನ್ನು ಇಂಗ್ಲಿಷ್ ಅಧ್ಯಾಪಕರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಕನ್ನಡ ತರಗತಿಗಳಲ್ಲಿಯೂ ಕ್ರಿಯಾಸಮಾಸವು ಪರೀಕ್ಷೆಯ ಎರಡು ಅಂಕಗಳ ಲಕ್ಷಣವಾಗಿ ಉಳಿದಿದೆ. ‘ಕಣ್ತೆರೆ’, ‘ಮೈದಡವು’ ಎಂದು ಎರಡು ಉದಾಹರಣೆ ಬರೆದು ವಿದ್ಯಾರ್ಥಿ ಮುಂದೆ ಸಾಗುತ್ತಾನೆ. ತಾನು ದಿನವೂ ಆಡುವ ‘ಕೈಕೊಟ್ಟ’, ‘ತಲೆಕೆಡಿಸಿಕೊಂಡ’ ಎಂಬವೂ ಆ ಅಧ್ಯಾಯಕ್ಕೆ ಸೇರಿದವು ಎಂಬುದು ಅವನಿಗೆ ಹೊಳೆಯುವುದಿಲ್ಲ. ಸಹಾಯಕ ಕ್ರಿಯೆಗಳ ಅರ್ಥಚ್ಛಾಯೆಗಳಿಗಂತೂ ಪಠ್ಯಗಳಲ್ಲಿ ಸಿಗುವ ಜಾಗ ಅತ್ಯಲ್ಪ. ಇಂಗ್ಲಿಷಿನ ನುಡಿಗಟ್ಟುಗಳ ಎದುರು ಇಟ್ಟು ನೋಡಿದಾಗ ಕನ್ನಡದ ರಚನೆಗಳೂ ಹೊಸದಾಗಿ ಕಾಣುತ್ತವೆ. ಎರಡು ಭಾಷೆಗಳ ಈ ಕ್ರಿಯಾರಚನೆಗಳನ್ನು ಕ್ರಮವಾಗಿ ಹೋಲಿಸುವ ಕೆಲಸ ಸಂಶೋಧನ ವಿದ್ಯಾರ್ಥಿಗಳಿಗೆ ಒಳ್ಳೆಯ ವಿಷಯವಾದೀತು.

ಇಪ್ಪತ್ತನೆಯ ಶತಮಾನದ ಕನ್ನಡ ಸಾಹಿತ್ಯ ಇಂಗ್ಲಿಷ್ ಅಧ್ಯಾಪಕರಿಗೆ ಬಹಳ ಋಣಿಯಾಗಿದೆ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ಕಾವ್ಯಕ್ಕೆ ಹೊಸ ಹಾದಿ ತೆರೆದರು. ಗೋಪಾಲಕೃಷ್ಣ ಅಡಿಗರು, ಯು.ಆರ್. ಅನಂತಮೂರ್ತಿಯವರು, ಪಿ. ಲಂಕೇಶರು ಇಂಗ್ಲಿಷ್ ಬೋಧಿಸುತ್ತಲೇ ಕನ್ನಡವನ್ನು ಕಟ್ಟಿದರು. ಆ ಋಣವನ್ನು ತೀರಿಸುವ ಅವಕಾಶ ಈಗ ಕನ್ನಡ ವಿಭಾಗಗಳ ಮುಂದಿದೆ. ಇಂಗ್ಲಿಷ್ ಪಟ್ಟಿಯ ಎದುರು ಕಂಗೆಟ್ಟು ಕುಳಿತ ವಿದ್ಯಾರ್ಥಿಗೆ ಕೇಶಿರಾಜನ ಪುಸ್ತಕದಿಂದ ಒಂದು ಅಧ್ಯಾಯವನ್ನು ತೆರೆದು ತೋರಿಸಲು ಹೊಸ ಆದೇಶವಾಗಲಿ ಅನುದಾನವಾಗಲಿ ಬೇಕಾಗಿಲ್ಲ. ಪಕ್ಕದ ಕೊಠಡಿಯ ಇಂಗ್ಲಿಷ್ ಅಧ್ಯಾಪಕರೊಡನೆ ವಾರಕ್ಕೊಂದು ಗಂಟೆ ಕುಳಿತುಕೊಳ್ಳುವ ಮನಸ್ಸಿದ್ದರೆ ಸಾಕು.